ಅಧ್ಯಾಯಕ್ಕೊಂದು ಮಾತ್ರೆ

ಬಿಸಿಲಿಗೆ ಹಾಕೋಣವೆಂದು ಮೊಮ್ಮಗಳ ದಿಂಬನ್ನು ಎತ್ತಿಕೊಂಡಾಗ ಅದರ ಒಂದು ಮೂಲೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಹತ್ತಿಯ ಬೀಜವಿರಬೇಕು ಅಂದುಕೊಂಡೆ. ನಮ್ಮದು ಹಾಸಿಗೆ ಮಾಡುವವರ ಮನೆ. ಕೆಳಗೆ ಅಳಿಯನ ಅಂಗಡಿ, ಮೇಲೆ ನಾವಿರುವ ಎರಡು ಕೋಣೆ ಮತ್ತು ಅಡುಗೆಮನೆ. ಊಟದ ತಟ್ಟೆಯಲ್ಲಿ ಕೂಡ ಹತ್ತಿಯ ಎಳೆ ಸಿಗುವ ಮನೆ ಇದು. ಆದರೆ ನಮ್ಮ ಅಳಿಯ ಹಿಂಜಿದ ಹತ್ತಿಯಲ್ಲಿ ಬೀಜ ಮಾತ್ರ ಸಿಗುವುದಿಲ್ಲ. ಹಾಗಾಗಿ ಅನುಮಾನ ಬಂದು ಹೊಲಿಗೆ ನೋಡಿದೆ. ಮೂಲೆಯಲ್ಲಿ ಅಂಗೈ ಅಗಲ ಬಿಚ್ಚಿ ಮತ್ತೆ ಹೊಲಿದಿದ್ದರು. ಗಂಟು ಒಳಗೆ ಹೋಗುವ ಹೊಲಿಗೆ, ನಾನೇ ಮೊಮ್ಮಗಳಿಗೆ ಕಲಿಸಿದ್ದು. ಬಿಚ್ಚಿದೆ. ಹತ್ತಿಯ ನಡುವಿನಿಂದ ಬಿಳಿಯ ಮಾತ್ರೆಗಳು ಮಡಿಲಿಗೆ ಉದುರಿದವು. ಎಣಿಸುವ ಧೈರ್ಯ ಬರಲಿಲ್ಲ.

ಈ ಹುಡುಗಿಗೆ ಚಿಕ್ಕಂದಿನಿಂದ ಮೂರ್ಛೆಯ ಕಾಯಿಲೆ. ಮಾತ್ರೆ ತಪ್ಪದೆ ನುಂಗಿದರೆ ಅದು ಹತ್ತಿರ ಸುಳಿಯುವುದಿಲ್ಲ. ಬಹಳ ವರ್ಷ ಸುಳಿದಿರಲೂ ಇಲ್ಲ. ಆಗೆಲ್ಲ ಮಾತ್ರೆ ಕೊಡುತ್ತಿದ್ದವಳು ಅವಳ ತಾಯಿ, ನನ್ನ ಮಗಳು. ಹೊಟ್ಟೆನೋವೆಂದು ತಾನೇ ನಡೆದುಕೊಂಡು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಹೋಗುವಾಗ ಒಲೆಯ ಮೇಲಿನ ಹಾಲು ನೋಡಿಕೋ ಎಂದು ನನಗೆ ಹೇಳಿ ಹೋದಳು. ಅದೇ ಕೊನೆಯ ಮಾತು. ಆಮೇಲೆ ಮಾತ್ರೆಯ ಕೆಲಸ ನನ್ನ ಕೈಗೆ ಬಂತು. ನಾನು ಮಾತ್ರೆ ಕೊಟ್ಟು, ನೀರಿನ ಲೋಟ ಕೊಟ್ಟು, ಜಪದ ಮಣಿ ಹಿಡಿದು ಕೂರುತ್ತಿದ್ದೆ. ನುಂಗಿದಳೋ ಇಲ್ಲವೋ ನೋಡುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಕಣ್ಣು ತೆರೆದಿರುವುದೇ ಒಂದು ಕೆಲಸವಾಗಿತ್ತು.

ಹಿಂದಿನ ವಾರ ಅವಳು ಮೆಟ್ಟಿಲ ಬುಡದಲ್ಲಿ ಬಿದ್ದಳು. ಅಂಗಡಿಯಿಂದ ಮೇಲಕ್ಕೆ ಬರುವ ಮೆಟ್ಟಿಲು ನೆಟ್ಟಗೆ ನಿಲ್ಲಿಸಿದ ಏಣಿಯಂತಿದೆ. ಸ್ವಲ್ಪ ಮೇಲೆ ಹತ್ತಿದ ಮೇಲೆ ಮೂರ್ಛೆ ಬಂದಿದ್ದರೆ ಅವಳು ನಮಗೆ ಉಳಿಯುತ್ತಿರಲಿಲ್ಲ. ಮಾತ್ರೆ ಸಾಲುತ್ತಿಲ್ಲವೆಂದು ಡಾಕ್ಟರು ಅದಕ್ಕಿಂತ ಜೋರಾದದ್ದನ್ನು ಬರೆದುಕೊಟ್ಟರು. ಅಳಿಯ ಹೆಚ್ಚು ಮಾತಿನವರಲ್ಲ. ಆ ಸಂಜೆ ಮಾತ್ರ, "ಇನ್ನೊಂದು ಸಲ ಬಿದ್ರೆ ಶಾಲೆ ಬಿಡಿಸ್ತೀನಿ ಅತ್ತೆ. ಅಂಗಡೀಲಿ ನನ್ನ ಕಣ್ಣೆದುರಿಗೇ ಕೂತಿರ್ಲಿ" ಅಂದರು. ಸಾಲುತ್ತಿಲ್ಲವೆಂದ ಮಾತ್ರೆಗಳೆಲ್ಲ ಈಗ ನನ್ನ ಮಡಿಲಲ್ಲಿದ್ದವು.

ಶಾಲೆಯಿಂದ ಬಂದವಳ ಮುಂದೆ ಸೆರಗಿನ ಗಂಟು ಬಿಚ್ಚಿದೆ. ಅವಳನ್ನು ಎಲ್ಲರೂ ಕಡ್ಡಿ ಎಂದು ಕರೆಯುತ್ತಾರೆ. ಮೈಯೂ ಹಾಗೆ, ಮಾತೂ ಮುರಿದಿಟ್ಟ ಹಾಗೆ.

"ಇದೇನೇ?"

"ಮಾತ್ರೆ."

"ಮಾತ್ರೆ ಅಂತ ನಂಗೂ ಗೊತ್ತು. ದಿಂಬಿಗೆ ಬರತ್ತೇನೇ ಫಿಟ್ಸು?"

ಅವಳು ನಗಲಿಲ್ಲ. ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಗ್ರಂಥಾಲಯದ ಮುದ್ರೆ ಇದ್ದ ಪುಸ್ತಕ. ಹೊದಿಕೆಯ ಮೇಲೆ ಇವಳ ವಯಸ್ಸಿನದೇ ಒಬ್ಬ ಹುಡುಗಿ, ಕೂದಲೆಲ್ಲ ಬೆಂಕಿ.

"ಇದನ್ನ ಓದು. ಯಾಕೆ ಅಂತ ಗೊತ್ತಾಗತ್ತೆ."

"ಇಂಥದ್ದೆಲ್ಲ ನಾನು ಓದೋಳಲ್ಲ ಕಣೇ."

"ಹಾಗಾದ್ರೆ ನಾನು ಮಾತ್ರೆ ನುಂಗೋಳಲ್ಲ. ಅಪ್ಪಂಗೆ ಹೇಳು ಬೇಕಾದ್ರೆ. ಶಾಲೆ ಬಿಡಿಸ್ಲಿ. ಬಾಯಿಗೆ ತುರುಕಿದ್ರೂ ಉಗುಳ್ತೀನಿ."

ಉಗುಳುವವಳೇ ಅವಳು. ಅಪ್ಪನಿಗೆ ಹೇಳಿದರೆ ಅವರು ಪುಸ್ತಕವನ್ನು ಹರಿದು ಹಾಕುತ್ತಾರೆ, ಇವಳು ಇನ್ನಷ್ಟು ಬಿಗಿಯುತ್ತಾಳೆ, ನಡುವೆ ಆ ಮೆಟ್ಟಿಲು ಇದ್ದೇ ಇದೆ. ನಾನು ಸೋತ ದನಿಯಲ್ಲಿ ಒಂದು ಒಪ್ಪಂದ ಹೇಳಿದೆ. ದಿನಕ್ಕೊಂದು ಅಧ್ಯಾಯ ನಾನು ಓದುವುದು. ಓದಿದ ಸಂಜೆ ಅವಳು ನನ್ನ ಕಣ್ಣೆದುರಿಗೆ ಮಾತ್ರೆ ನುಂಗುವುದು.

"ಪುಸ್ತಕ ಮುಗಿಯೋ ತನಕ ಮಾತ್ರ," ಅಂದಳು.

"ಮುಗಿದ ಮೇಲೆ?"

"ಮುಗಿದ ಮೇಲೆ ನೀನೇ ಬೇಡ ಅಂತೀಯ."

ಮರುದಿನ ಔಷಧಿ ಅಂಗಡಿಗೆ ಹೋದೆ. ಹೊಸ ಮಾತ್ರೆಯ ಪಟ್ಟಿ ಗಾಜಿನ ಕಟ್ಟೆಯ ಮೇಲಿಟ್ಟು, "ಒಂದು ಮಗು ಹಳೇ ಮಾತ್ರೇನೇ ಸರಿಯಾಗಿ ತಗೊಂಡಿಲ್ಲ ಅಂತ ಇಟ್ಕೊಳ್ಳಿ, ಅದಕ್ಕೆ ಇದನ್ನ ಕೊಡಬಹುದಾ?" ಅಂತ ಕೇಳಿದೆ.

"ಇಟ್ಕೊಳ್ಳೋದು ಯಾಕಮ್ಮ, ನಿಮ್ಮ ಮೊಮ್ಮಗಳು ತಾನೆ?"

"ಒಂದು ಮಗು ಅಂದೆ."

"ಆಗ್ಲಿ, ಒಂದು ಮಗು." ಅಂಗಡಿಯವನು ಕನ್ನಡಕ ತೆಗೆದು ಒರೆಸಿದ. ಆಮೇಲೆ ಡಾಕ್ಟರ ಚಿಕಿತ್ಸಾಲಯಕ್ಕೆ ಫೋನು ಮಾಡಿ, ಅಲ್ಲಿಯ ನರ್ಸಿನ ಹತ್ತಿರ ಮಾತಾಡಿ, ಹಳೆಯದನ್ನೇ ಕೊಡಬೇಕಂತೆ ಎಂದು ಹೇಳಿದ. "ಆದ್ರೆ ಮಗುವಿನ ತಂದೆ ಬಂದು ಡಾಕ್ಟರಿಗೆ ಎಲ್ಲ ಹೇಳ್ಬೇಕಂತೆ. ಇಲ್ಲದಿದ್ರೆ ಅವರು ಇಲ್ಲದ ರೋಗಕ್ಕೆ ಮದ್ದು ಬರೀತಾ ಹೋಗ್ತಾರೆ. ಯಾವಾಗ ಹೇಳ್ತೀರಿ?"

"ಒಂದು ಪುಸ್ತಕ ಮುಗೀಲಿ."

ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಮುದುಕಿಗೆ ಬುದ್ಧಿ ಜಾರಿದೆ ಅಂದುಕೊಂಡಿರಬೇಕು. ಹಳೇ ಮಾತ್ರೆ ಕೊಟ್ಟು, ಚಿಲ್ಲರೆಯನ್ನು ನನ್ನ ಕೈಗೇ ಇಟ್ಟು ಮುಷ್ಟಿ ಮಡಚಿಸಿ ಕಳಿಸಿದ.

ನನಗೆ ಗೊತ್ತಿದ್ದ ಓದು ಒಂದೇ ಬಗೆಯದು. ದೇವರ ಪುಸ್ತಕವನ್ನು ಹೇಗೆ ಓದುತ್ತಾ ಬಂದೆನೋ ಇದನ್ನೂ ಹಾಗೆಯೇ ಓದಿದೆ. ಕೈಕಾಲು ತೊಳೆದು, ಗೋಡೆಗೆ ಒರಗದೆ ಕೂತು, ಪುಸ್ತಕವನ್ನು ನೆಲಕ್ಕೆ ತಾಗಿಸದೆ, ಗಟ್ಟಿಯಾಗಿ. ಒಂದು ಸಾಲು ಬಿಡುವಂತಿಲ್ಲ. ಮುಂದಿನ ಪುಟ ಇಣುಕುವಂತಿಲ್ಲ. ಅಧ್ಯಾಯದ ನಡುವೆ ಏಳುವಂತಿಲ್ಲ. ಮುಗಿದ ಮೇಲೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡದ್ದನ್ನು ನೋಡಿ ಕಡ್ಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಗಳು ಹೋದಮೇಲೆ ಇವಳ ಮುಖದಲ್ಲಿ ನಗುವಿನಂಥದ್ದು ಕಂಡದ್ದು ಅವತ್ತೇ.

ಕಥೆ ಉಪ್ಪಿನ ದ್ವೀಪದ ಒಬ್ಬ ಹುಡುಗಿಯದು. ತಾಯಿಯಿಲ್ಲದ ಮಗು, ಚಿಕ್ಕಮ್ಮ ಸಾಕಿದವಳು. ಆ ದ್ವೀಪದಲ್ಲಿ ಕೆಲವರ ಮೈಯೊಳಗೆ ಹುಟ್ಟುವಾಗಲೇ ಒಂದು ಕಿಡಿ ಇರುತ್ತದೆ. ಅದು ಹೊತ್ತಿಕೊಂಡರೆ ಅವರು ಕತ್ತಲನ್ನು ಸೀಳಬಲ್ಲರು, ಸತ್ತವರನ್ನು ಕಾಣಬಲ್ಲರು. ಇದು ಹುಡುಗಿಗೆ ತಿಳಿಯದು. ಚಿಕ್ಕಮ್ಮ ದಿನವೂ ಸಂಜೆ ಒಂದು ಬೂದುಬಣ್ಣದ ಬೇರಿನ ಕಷಾಯ ಕುಡಿಸುತ್ತಾಳೆ, ಜ್ವರ ಬರಬಾರದೆಂದು. ಆದರೆ ಆ ಕಷಾಯ ಕಿಡಿಯನ್ನು ಆರಿಸಿಡುವ ಮದ್ದು. ಇಷ್ಟು ಓದುವಾಗಲೇ ಮಾತ್ರೆಗಳು ದಿಂಬಿಗೆ ಹೋದ ದಾರಿ ನನಗೆ ಕಂಡಿತು. ಕಡ್ಡಿಯ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಯುದ್ಧಗಳು ಬಂದವು. ಏಳು ಬಾಯಿಯ ಬೂದಿರಾಜ ಬಂದ.

"ಏಳು ಬಾಯಿಗೂ ಹೊಟ್ಟೆ ಒಂದೇನಾ?" ಅಂತ ಕೇಳಿದೆ.

"ಅಜ್ಜಿ, ಸುಮ್ನೆ ಓದು."

"ಇಷ್ಟು ದಿನದಿಂದ ಕಾಡಲ್ಲಿ ಓಡ್ತಿದಾಳೆ, ಒಂದು ಸಲನಾದ್ರೂ ಬಟ್ಟೆ ಒಗೆದ್ಲಾ ಇವಳು?"

"ಅಲ್ಲಿ ಯುದ್ಧ ನಡೀತಿದೆ. ನೀನು ಜೋಗುಳ ಹಾಡೋ ಹಾಗೆ ಓದ್ತಿದೀಯ."

ಓದು ನಿಧಾನವಾಗಿಯೇ ಸಾಗಿತು. ಕಣ್ಣು ಸೋಲುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಆದರೂ ಒಂದು ಅಧ್ಯಾಯ ಎಂದರೆ ಒಂದು ಮಾತ್ರೆ ಎಂಬ ಲೆಕ್ಕ ನನ್ನನ್ನು ಕೂರಿಸುತ್ತಿತ್ತು. ಬಲಗೈಗೆ ಉಳಿದ ಪುಟಗಳು ದಿನದಿನಕ್ಕೆ ತೆಳ್ಳಗಾಗುವುದು ತಿಳಿಯುತ್ತಿತ್ತು. ಬೇರೆಯವರು ಪುಸ್ತಕ ಬೇಗ ಮುಗಿಯಲಿ ಎನ್ನುತ್ತಾರೆ. ನಾನು ಇದಕ್ಕೆ ಇನ್ನೂ ನಾಲ್ಕು ರಾಕ್ಷಸರು ಬರಲಿ ಎಂದು ದೇವರನ್ನು ಬೇಡಿಕೊಂಡೆ.

ಒಂದು ಸಂಜೆ ಅಳಿಯ ಮೆಟ್ಟಿಲ ಮೇಲೆ ಅರ್ಧದಲ್ಲಿ ನಿಂತು, ತಲೆ ಮಾತ್ರ ಕಾಣುವ ಹಾಗೆ, "ಯಾವ ಪುರಾಣ ಅತ್ತೆ ಇದು? ಕೇಳಿಲ್ವಲ್ಲ" ಅಂದರು. ಹುಬ್ಬಿನ ಮೇಲೆಲ್ಲ ಹತ್ತಿ.

"ನಿಮ್ಮ ಮಗಳದು," ಅಂದೆ. ಅವರು ಸ್ವಲ್ಪ ನಿಂತು ಇಳಿದು ಹೋದರು. ಹತ್ತಿ ಹಿಂಜುವ ಯಂತ್ರ ಮತ್ತೆ ಶುರುವಾಯಿತು. ಆ ಯಂತ್ರವನ್ನು ಅವರು ಇತ್ತೀಚೆಗೆ ನಿಲ್ಲಿಸುವುದೇ ಅಪರೂಪವಾಗಿತ್ತು.

ಹುಡುಗಿ ಕಷಾಯವನ್ನು ಕಿಟಕಿಯಿಂದ ಚೆಲ್ಲುವ ಅಧ್ಯಾಯ ಬಂತು. ಅವಳಿಗೆ ಮೊದಲು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಕಣ್ಣಂಚಿನಲ್ಲಿ ಬೆಳಕು. ಬೆಳಕಿನೊಳಗೆ ತಾಯಿ ನಿಂತಿರುತ್ತಾಳೆ. ಓದಿ ಮುಗಿಸಿ ಪುಸ್ತಕ ಮುಚ್ಚಿದೆ.

"ನಂಗೂ ಹಾಗೇ ಆಗತ್ತೆ," ಅಂದಳು ಕಡ್ಡಿ. "ಬೀಳೋಕೆ ಮುಂಚೆ. ಸುಟ್ಟ ವಾಸನೆ ಬರತ್ತೆ. ಬೆಳಕು ಬರತ್ತೆ. ಡಾಕ್ಟರು ಅದು ಕಾಯಿಲೆ ಅಂದ್ರು. ಅವತ್ತು ಮೆಟ್ಟಿಲ ಹತ್ರ ಬಿದ್ನಲ್ಲ, ಆಗ ಅಮ್ಮ ಇದ್ಳು."

ನನ್ನ ಕೈಯಲ್ಲಿ ಮಾತ್ರೆ ಇತ್ತು. ಮಗಳು ಹೋದ ಮರುದಿನದಿಂದ ನಾನು ಜಪದ ಕೊನೆಗೆ ದೇವರನ್ನು ಒಂದೇ ಒಂದು ಕೇಳುತ್ತಾ ಬಂದಿದ್ದೆ. ಒಮ್ಮೆ ಕನಸಿನಲ್ಲಿ ತೋರಿಸು, ಮಾತಾಡದಿದ್ದರೂ ಸರಿ. ಬೆಳಗಾಗುತ್ತಿತ್ತು, ಏನೂ ಇರುತ್ತಿರಲಿಲ್ಲ. ದೇವರಿಗೆ ತಿರುಗಿ ಮಾತಾಡುವ ಅಭ್ಯಾಸ ನನಗಿಲ್ಲ. ಎದ್ದು ಮುಖ ತೊಳೆಯುತ್ತಿದ್ದೆ. ಈಗ ಈ ಮಗುವಿಗೆ ಹುಚ್ಚು, ಭ್ರಮೆ ಎಂದು ಹೇಳಬೇಕಾದ ಬಾಯಿ ಬೇರೆಯದನ್ನೇ ಕೇಳಿತು.

"ಯಾವ ಬಟ್ಟೆ ಉಟ್ಟಿದ್ಳು?"

"ಮನೇಲಿ ಉಡೋದು. ಹಸಿರು. ಬೆನ್ನು ಮಾತ್ರ ಕಂಡಿದ್ದು ಅಜ್ಜಿ. ಏನೋ ಹುಡುಕ್ತಿದ್ಳು, ಕಪಾಟಿನ ಹತ್ರ. ತಿರುಗೋದ್ರೊಳಗೆ ಕತ್ತಲಾಯ್ತು." ಅವಳು ನನ್ನ ಹತ್ತಿರ ಸರಿದಳು. "ಇನ್ನೊಂದು ಸಲ ಬಂದ್ರೆ ತಿರುಗ್ತಾಳೆ. ನಿಂಗೆ ಏನಾದ್ರೂ ಹೇಳೋದಿದ್ರೆ ಹೇಳ್ತೀನಿ."

ನನಗೆ ಹೇಳುವುದು ಬೇಕಾದಷ್ಟಿತ್ತು. ಹಾಲು ಉಕ್ಕಲಿಲ್ಲ, ನೋಡಿಕೊಂಡೆ ಎಂಬುದರಿಂದ ಶುರುವಾಗಿ. ಮಾತ್ರೆ ಹಿಡಿದ ಕೈ ನನ್ನ ಮಡಿಲಿನಲ್ಲೇ ಉಳಿಯಿತು. ಕೊನೆಗೆ ಅವಳೇ ಅಂದಳು.

"ಕೊಡು. ಮಾತು ಅಂದ್ರೆ ಮಾತು. ಪುಸ್ತಕ ಇನ್ನೂ ಮುಗಿದಿಲ್ಲ."

ನುಂಗಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮುಂದಿನ ದಿನಗಳಲ್ಲಿ ದಣಿವು ಬೇರೆ ಬಗೆಯದಾಯಿತು. ಅಕ್ಷರಗಳ ಮೇಲೆ ಕಣ್ಣು ಹೋಗುತ್ತಿತ್ತು, ಬಾಯಿ ಓದುತ್ತಿತ್ತು, ಒಳಗೆ ಒಂದು ಹಸಿರು ಬೆನ್ನು ಕಪಾಟಿನಲ್ಲಿ ಏನನ್ನೋ ಹುಡುಕುತ್ತಿತ್ತು. ಏನು ಹುಡುಕುತ್ತಿದ್ದಾಳು? ಅವಳು ಇಟ್ಟ ಸಾಮಾನು ಯಾವುದನ್ನೂ ನಾನು ಕದಲಿಸಿಲ್ಲ.

ಕೊನೆಗೆ ಎರಡು ಅಧ್ಯಾಯ ಉಳಿದಿದ್ದವು.

"ಇದು ಬೋರು, ಬಿಟ್ಟುಬಿಡು," ಅಂದಳು ಕಡ್ಡಿ. "ಇದರಲ್ಲಿ ಏನೂ ಆಗಲ್ಲ. ನಾನೂ ಹಾರಿಸಿದೀನಿ. ಸೀದಾ ಕೊನೇದು ಓದು."

"ಹಾರಿಸೋದಾದ್ರೆ ಓದೋದು ಯಾಕೆ?" ಅಂದೆ. ಬಿಡುವ ಅಭ್ಯಾಸ ನನಗಿಲ್ಲವಷ್ಟೇ. ಅದರಲ್ಲಿ ಬೇರೆ ಜಾಣತನವೇನೂ ಇರಲಿಲ್ಲ.

ಅದು ಚಿಕ್ಕಮ್ಮನ ಅಧ್ಯಾಯ. ಹುಡುಗಿ ಬೂದಿರಾಜನನ್ನು ಸೋಲಿಸಲು ಹೋಗಿದ್ದಾಳೆ. ಇತ್ತ ಚಿಕ್ಕಮ್ಮ ಬೇರು ತರಲು ಗುಡ್ಡ ಹತ್ತುತ್ತಾಳೆ. ಅವಳಿಗೆ ಮೊಣಕಾಲು ನೋವು. ಬೇರು ಮುಳ್ಳಿನ ಗಿಡದ್ದು. ಕಿತ್ತು ತಂದು, ಮಣ್ಣು ತೊಳೆದು, ಜಜ್ಜಿ, ಕುದಿಯಲಿಡುತ್ತಾಳೆ. ಬಿಸಿ ಹೆಚ್ಚಾಯಿತೇನೋ ಎಂದು ತಾನೇ ಮೊದಲು ಒಂದು ಗುಟುಕು ಕುಡಿದು ನೋಡುತ್ತಾಳೆ. ಅಕ್ಕ ಹೇಗೆ ಸತ್ತಳೆಂಬುದು ಅವಳಿಗೆ ನೆನಪಿದೆ: ಕಿಡಿ ಹೊತ್ತಿ, ಅದರಲ್ಲೇ ಉರಿದು. ಆ ಮಾತು ಎರಡೇ ಸಾಲಿನಲ್ಲಿತ್ತು. ಆಮೇಲೆ ಲೋಟವನ್ನು ಮುಚ್ಚಿಟ್ಟು ಬಾಗಿಲಲ್ಲಿ ಕೂರುತ್ತಾಳೆ. ಅಷ್ಟೇ. ನಿಜಕ್ಕೂ ಏನೂ ಆಗುವುದಿಲ್ಲ. ಓದುತ್ತಿದ್ದಾಗ ನನ್ನ ದನಿ ನಡುವೆ ಎರಡು ಸಲ ನಿಂತಿತು. ಕಡ್ಡಿ ಈ ಬಾರಿ ಕಿಟಕಿಯ ಕಡೆ ನೋಡಲಿಲ್ಲ; ನೆಲದ ಮೇಲಿನ ಹತ್ತಿಯ ಎಳೆಯನ್ನು ಬೆರಳಿಗೆ ಸುತ್ತುತ್ತಿದ್ದಳು. ಆಮೇಲೆ ಮಾತ್ರೆ ನುಂಗಿದಳು.

ಮರುದಿನ ಕೊನೆಯ ಅಧ್ಯಾಯ. ಬೂದಿರಾಜ ಸತ್ತ. ಹುಡುಗಿಯ ಮೈಯೆಲ್ಲ ಬೆಳಕಾಯಿತು. ತಾಯಿ ಕೈ ಚಾಚಿದಳು, ಹುಡುಗಿ ಒಳಗೆ ಹೋದಳು, ಬೆಳಕು ಮುಚ್ಚಿಕೊಂಡಿತು. ನಾನು ಹಾಳೆ ತಿರುಗಿಸಿದೆ. ಹಿಂದೆ ಏನೂ ಅಚ್ಚಾಗಿರಲಿಲ್ಲ.

"ಮುಗೀತು," ಅಂದಳು ಕಡ್ಡಿ. "ಈಗ ಹೇಳು."

"ಆ ಚಿಕ್ಕಮ್ಮ ಏನಾದ್ಳು?"

"ಬರೆದಿಲ್ಲ. ಅವಳು ಮುಖ್ಯ ಅಲ್ಲ ಅಜ್ಜಿ."

"ಕಷಾಯ ಮುಚ್ಚಿಟ್ಟು ಬಾಗಿಲಲ್ಲಿ ಕೂತಿದ್ಳು."

"ಎರಡನೇ ಭಾಗದಲ್ಲೂ ಬರಲ್ಲ ಅವಳು. ನನ್ನ ಗೆಳತಿ ಓದಿದಾಳೆ."

"ಬರ್ದೇ ಇದ್ರೂ ಕೂತಿರ್ತಾಳೆ ಬಿಡು," ಅಂದೆ. ಆಮೇಲೆ ನಾನು ಹೇಳಬೇಕೆಂದುಕೊಂಡಿರದ ಮಾತೊಂದು ಬಂತು. "ನೀನು ಮೆಟ್ಟಿಲ ಹತ್ರ ಬಿದ್ದಾಗ ಬೆಳಕಿನ ಆ ಕಡೆ ಏನಿತ್ತು ಅಂತ ಹೇಳ್ದೆ. ಈ ಕಡೆ ಏನಿತ್ತು ಅಂತ ನಿಂಗೆ ಗೊತ್ತಿಲ್ಲ. ನಿಮ್ಮಪ್ಪ ಹಾಸಿಗೆ ಹೊಲೀತಾ ಇದ್ರು. ಹಾಗೇ ಎದ್ದು ಓಡಿ ಬಂದ್ರು. ಹಿಡಿದು ಅದುಮಬಾರದು ಅಂತ ಡಾಕ್ಟರು ಹೇಳಿದಾರಲ್ಲ, ಅದಕ್ಕೆ ನಿನ್ನ ಮುಟ್ಟದೆ, ತಲೆ ಕೆಳಗೆ ಹತ್ತಿ ಇಟ್ಟು, ಪಕ್ಕದಲ್ಲಿ ಮಂಡಿಯೂರಿ ಕೂತ್ರು. ಕೈಯಲ್ಲಿದ್ದ ದಬ್ಬಣ ಅವರ ಅಂಗೈಗೆ ಹೋಗಿ ಆ ಕಡೆ ಬಂದಿತ್ತು. ನಿಂಗೆ ಪ್ರಜ್ಞೆ ಬಂದು, ನೀನು ನೀರು ಕೇಳಿದ ಮೇಲೆ, ಅದನ್ನ ನಾನು ತೋರಿಸ್ದೆ. ಅಲ್ಲಿ ತನಕ ಅವರಿಗೆ ಗೊತ್ತೇ ಇರ್ಲಿಲ್ಲ."

ಕಡ್ಡಿ ಮುಗಿದ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಕೆಳಗೆ ಯಂತ್ರ ಓಡುತ್ತಿತ್ತು. ಅದು ಓಡುವಾಗ ನಮ್ಮ ನೆಲ ಸಣ್ಣಗೆ ನಡುಗುತ್ತದೆ.

"ಒಂದೇ ಒಂದು ಸಲ ಅಜ್ಜಿ," ಅಂದಳು. ದನಿ ಚಿಕ್ಕ ಮಗುವಿನದಾಗಿತ್ತು. "ತಿರುಗಿ ನೋಡಿದ್ರೆ ಸಾಕು. ಆಮೇಲೆ ಜೀವ ಇರೋ ತನಕ ನುಂಗ್ತೀನಿ. ಹಾಸಿಗೆ ಮೇಲೇ ಮಲಗಿರ್ತೀನಿ, ಬೀಳಲ್ಲ. ನಿಂಗೂ ನೋಡ್ಬೇಕು ಅಂತ ಇದೆ. ನಂಗೊತ್ತು."

"ಇದೆ," ಅಂದೆ.

"ಮತ್ತೆ?"

"ತಿರುಗಿದ್ರೆ ಸಾಕು ಅಂತೀಯ. ತಿರುಗಿದ್ರೆ ಮಾತಾಡ್ಲಿ ಅನ್ಸತ್ತೆ. ಮಾತಾಡಿದ್ರೆ ಕೈ ಹಿಡೀಲಿ ಅನ್ಸತ್ತೆ. ಸಾಕು ಅನ್ನೋದು ಇದರಲ್ಲಿ ಇಲ್ಲ ಕಣೇ. ನಾನು ಬಿಡಲ್ಲ."

"ಹಾಗಾದ್ರೆ ಅಮ್ಮನ್ನ ಮರೆತುಬಿಡ್ಬೇಕಾ?"

ಇದಕ್ಕೆ ಉತ್ತರ ದೇವರ ಪುಸ್ತಕದಲ್ಲಿದೆ. ಎಷ್ಟೋ ಸಲ ಓದಿದ್ದೇನೆ, ಬೇರೆಯವರ ಮನೆಯಲ್ಲಿ ಸಾವಾದಾಗ ಹೇಳಿಯೂ ಇದ್ದೇನೆ. ಅದರ ಒಂದು ಸಾಲೂ ನಾಲಿಗೆಗೆ ಬರಲಿಲ್ಲ.

"ಗೊತ್ತಿಲ್ಲಮ್ಮ. ನಾನಂತೂ ಮರೆತಿಲ್ಲ. ಮರೀದೇನೇ ಬಿಪಿ ಮಾತ್ರೆ ನುಂಗ್ತಿದೀನಿ."

"ಯಾಕೆ ನುಂಗ್ತೀಯ? ನಿಂಗೆ ಅವಳ ಹತ್ರ ಹೋಗ್ಬೇಕು ಅನ್ಸಲ್ವಾ?"

"ಅನ್ಸತ್ತೆ. ಬೆಳಗ್ಗೆ ಎದ್ದ ತಕ್ಷಣ ಅನ್ಸತ್ತೆ. ಅಷ್ಟರಲ್ಲಿ ನೀನು ಬಾಚಣಿಗೆ ಹಿಡ್ಕೊಂಡು ಬಂದು ನಿಂತಿರ್ತೀಯ, ಬಸ್ಸಿಗೆ ಹೊತ್ತಾಯ್ತು ಅಂತ."

ಆಗ ಅವಳು ಅತ್ತಳು. ತಾಯಿಯನ್ನು ಕಳಿಸಿದ ದಿನ ಅತ್ತಿರಲಿಲ್ಲ. ಬಂದವರೆಲ್ಲ ಗಟ್ಟಿ ಹುಡುಗಿ ಎಂದು ಹೊಗಳಿದ್ದರು. ಸದ್ದು ಮಾಡಿ, ಮೂಗು ಸುರಿಸಿಕೊಂಡು ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ನನಗೂ ಅಳು ಬಂದಿದ್ದರೆ ಚೆನ್ನಾಗಿತ್ತು, ಆದರೆ ನಾನು ಬಹಳ ದಣಿದಿದ್ದೆ.

ಅತ್ತು ಮುಗಿದ ಮೇಲೆ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡಳು. ನನ್ನ ಕೈಯಿಂದ ಮಾತ್ರೆಯನ್ನು ತಾನೇ ತೆಗೆದುಕೊಂಡು, ನೀರಿಗೂ ಕಾಯದೆ ನುಂಗಿದಳು. ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಿದಳು. ನೀರು ಕೊಟ್ಟೆ.

"ನಿನ್ನ ಮೇಲೆ ಕೋಪ ಇದೆ ನಂಗೆ," ಅಂದಳು.

"ಇರ್ಲಿ."

"ಬಹಳ ದಿನ ಇರತ್ತೆ."

"ಇರ್ಲಿ ಬಿಡು. ಡಾಕ್ಟರಿಗೆ ನಿಜ ಹೇಳ್ಬೇಕಂತೆ. ಅದಕ್ಕೆ ಮೊದ್ಲು ನಿಮ್ಮಪ್ಪಂಗೆ ಹೇಳ್ಬೇಕು. ನಾನು ಹೇಳ್ಲಾ?"

ಅವಳು ಸ್ವಲ್ಪ ಯೋಚಿಸಿ, ಬೇಡ ಎಂದು ತಲೆಯಾಡಿಸಿ ಎದ್ದಳು. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಯಂತ್ರ ನಿಂತಿತು. ನೆಲ ಸುಮ್ಮನಾಯಿತು. ಕಿವಿಗೊಟ್ಟೆ. ಅವಳ ದನಿ ಇಷ್ಟಿಷ್ಟೇ ಕೇಳಿ ನಿಂತಿತು. ಅಳಿಯನ ದನಿ ಕೇಳಲೇ ಇಲ್ಲ. ಜಪದ ಮಣಿ ತೆಗೆದುಕೊಂಡೆ. ಕೊನೆಗೆ ದಿನವೂ ಕೇಳುವುದನ್ನು ಅವತ್ತು ಕೇಳಲಿಲ್ಲ. ಇವಳು ಇಳಿದ ಮೆಟ್ಟಿಲನ್ನು ಹತ್ತಿ ಬರಲಿ, ಅಷ್ಟು ಸಾಕು ಅಂದೆ.

ಹತ್ತಿ ಬಂದಳು. ಕಣ್ಣು ಊದಿಕೊಂಡಿತ್ತು.

"ಬೈದ್ರಾ?"

"ಇಲ್ಲ. ಕೈ ತೋರ್ಸು ಅಂದೆ, ತೋರಿಸ್ದ. ನಾಳೆ ಡಾಕ್ಟರ ಹತ್ರ ಹೋಗ್ಬೇಕಂತೆ. ನೀನೂ ಬರ್ಬೇಕಂತೆ."

"ಮೊಣಕಾಲು ನೋಯತ್ತೆ ಕಣೇ. ನೀವಿಬ್ರೇ ಹೋಗಿ ಬನ್ನಿ."

"ಅಜ್ಜಿ ಹಾಗೇ ಅಂತಾಳೆ, ಕೇಳ್ಬೇಡ ಅಂತ ಅಪ್ಪ ಮೊದಲೇ ಹೇಳಿದಾನೆ," ಅಂದಳು ಕಡ್ಡಿ. ನನ್ನ ಮುಖ ನೋಡದೆಯೇ ಅಂದಳು. ಕೋಪ ಇನ್ನೂ ಇತ್ತು.